ಮುಚ್ಚಳದ ಹಿಂದೆ ದಾಳ ಉರುಳಿಸಿದವರು

ವಾಡಿಯ ರೈಲ್ವೆ ಕಾಲೊನಿಯಲ್ಲಿ ಹೋದ ತಿಂಗಳು ಶ್ರದ್ಧಾಂಜಲಿ ಸಭೆ ನಡೆಯಿತು. ಒಬ್ಬರಾದ ಮೇಲೆ ಒಬ್ಬರು ಮೈಕಿನ ಮುಂದೆ ನಿಂತು ಒಂದೇ ಮಾತು ಹೇಳಿದರು: ನಮ್ಮ ಟಿ.ಸಿ. ಸಾಹೇಬರು ಜೀವಮಾನದಲ್ಲಿ ಒಂದು ಸುಳ್ಳು ಆಡಿದವರಲ್ಲ. ನಾನು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಂತು ಕೇಳಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪಿದೆ. ಆದರೆ ಇಷ್ಟು ದೊಡ್ಡ ಸುಳ್ಳನ್ನು, ಅದೂ ಸುಳ್ಳಿನ ಬಗ್ಗೆಯೇ, ಮೈಕಿನಲ್ಲಿ ಹೇಳುವುದಕ್ಕೆ ಎದೆಗಾರಿಕೆ ಬೇಕು.

ವರ್ಷಗಟ್ಟಲೆ ಪ್ರತಿ ರವಿವಾರ ಮಧ್ಯಾಹ್ನ ಆ ಮನುಷ್ಯ ನನ್ನ ಎದುರಿಗೆ ಕುಂತು ಸುಳ್ಳು ಹೇಳಿದ್ದಾರೆ. ಒಮ್ಮೆ ಕೋಟೆಯ ಬಾಗಿಲು ಕಾಯುವವನಾಗಿ, ಒಮ್ಮೆ ಎಣ್ಣೆ ಗಾಣದ ವಿಧವೆಯಾಗಿ, ಒಮ್ಮೆ ಕುದುರೆ ವ್ಯಾಪಾರಿಯಾಗಿ. ಧ್ವನಿ ಬದಲಿಸಿ, ಕಣ್ಣು ತಗ್ಗಿಸಿ, ಬೇಕಾದರೆ ಮೂಗು ಒರೆಸಿಕೊಂಡು ಹೇಳಿದ್ದಾರೆ. ಆ ಸುಳ್ಳುಗಳನ್ನು ಹಿಡಿಯುವ ಕೆಲಸ ನನ್ನದಿತ್ತು. ಹಿಡಿಯಲು ಬಿಡಲಿಲ್ಲ, ಅದು ಬೇರೆ ಮಾತು. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರ ಆಟದ ಕಾನೂನು ಆಟದಿಂದ ಎದ್ದು ಬಂದು ನನ್ನ ಮಗಳ ಲಗ್ನದ ಮಾತಿನಲ್ಲಿ ಕುಂತಿತು. ಕರೆದುಕೊಂಡು ಬಂದವನು ನಾನೇ ಎಂದು ಜನ ಹೇಳುತ್ತಾರೆ. ಜನ ಏನಾದರೂ ಹೇಳುತ್ತಾರೆ.

ನಾನು ಶಹಾಬಾದಿನವ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗೆ ಇಳಿದವ. ಈಗ ನನ್ನದೇ ಪಾಲಿಶ್ ಮಷೀನುಗಳಿವೆ, ಕೈಕೆಳಗೆ ಜನ ಇದ್ದಾರೆ, ಯಾರ ಹಂಗಿನಲ್ಲೂ ಇಲ್ಲ. ಕಲ್ಲಿಗೆ ಒಂದು ಸಲ ಸುತ್ತಿಗೆ ತಾಗಿಸಿದರೆ ನಾದದಲ್ಲೇ ಬಿರುಕು ಹೇಳುತ್ತೇನೆ. ಮನುಷ್ಯರ ವಿಷಯದಲ್ಲೂ ನನಗೆ ಅದೇ ಕಿವಿ ಇದೆ ಎಂದು ಬಹಳ ವರ್ಷಗಳಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಊರೂ ಎದುರು ಹೇಳಿಲ್ಲ.

ಸಾಹೇಬರು ನಿವೃತ್ತಿಯ ಹೊತ್ತಿಗೆ ವಾಡಿಯಲ್ಲಿ ಮನೆ ಕಟ್ಟಿಸುತ್ತಿದ್ದರು, ಫರ್ಸಿ ನೋಡಲು ನನ್ನ ಅಂಗಳಕ್ಕೆ ಬಂದರು. ಮೂಲ ಸೇಡಂ ಕಡೆಯ ಕುರಕುಂಟಾದವರು. ನೌಕರಿಯೆಲ್ಲ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಎಂದು ಪ್ಯಾಸೆಂಜರ್ ಗಾಡಿಗಳಲ್ಲಿ ಹತ್ತಿ ಇಳಿದು ಮುಗಿದಿತ್ತು. ಒಣಗಿದ ಮೈ, ದಪ್ಪ ಮೀಸೆ, ಏಪ್ರಿಲ್ ತಿಂಗಳ ಬಿಸಿಲಲ್ಲೂ ಕರಿ ಕೋಟು. ಮಾತು ಕೇಳುವಾಗ ಚಷ್ಮಾ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದರು, ಕಣ್ಣು ಕಾಣದಿದ್ದರೆ ಕಿವಿ ಚುರುಕಾಗುತ್ತದೆ ಎಂಬಂತೆ. ನಾನು ಕಲ್ಲು ಬಡಿದು, "ಇದು ಬ್ಯಾಡ್ರಿ, ಒಳಗ ಬಿರುಕದ," ಎಂದು ಪಕ್ಕಕ್ಕೆ ಇಟ್ಟೆ. ಅವರು ಚಷ್ಮಾ ತೆಗೆದರು.

"ಮ್ಯಾಲ ಏನೂ ಕಾಣ್ಸವಲ್ದಲ್ಲ. ಹ್ಯಾಂಗ ತಿಳೀತು?"

"ಕಲ್ಲಿರಲಿ, ಮನುಷ್ಯಾ ಇರಲಿ, ಖೊಟ್ಟಿ ಇದ್ರ ನನಗ ತಿಳೀತದ್ರಿ."

"ಹಂಗೇನು? ರವಿವಾರ ಮನಿಗಿ ಬರ್ರಿ. ನಿಮ್ಮಂಥವ್ರು ಒಬ್ರು ಬೇಕಾಗ್ಯಾರ."

ಫರ್ಸಿಯ ಮಾತು ಮುಗಿಸಲಿಕ್ಕೆ ಕರೆದಿದ್ದಾರೆ ಎಂದು ಹೋದೆ. ಪಡಸಾಲೆಯಲ್ಲಿ ಚಾಪೆ ಹಾಸಿ, ನಡುವೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇಟ್ಟಿದ್ದರು. ಹೈದರಾಬಾದಿನ ಕೋಟಿ ಬಜಾರಿನಲ್ಲಿ ಫುಟ್‌ಪಾತಿನ ಮೇಲೆ ಹಳೇ ಪುಸ್ತಕ ಮಾರುವವನ ಹತ್ತಿರ ಕೊಂಡದ್ದಂತೆ. ಅದು ಒಂದು ಆಟದ ಪುಸ್ತಕ. ಆ ಆಟಕ್ಕೆ ಪಟ ಇಲ್ಲ, ಇಸ್ಪೀಟಿನ ಎಲೆ ಇಲ್ಲ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಕತೆಯೊಳಗಿನ ಒಬ್ಬೊಬ್ಬ ಮನುಷ್ಯ ಆಗುತ್ತಾರೆ. ಈಗ ಹೀಗಾಯಿತು, ನೀ ಏನು ಮಾಡುತ್ತೀ ಎಂದು ಕೇಳುತ್ತಾರೆ. ಬಾಗಿಲು ಒಡೆಯುತ್ತೇನೆ ಎಂದು ನೀವು ಹೇಳಿದರೆ, ಅದು ಒಡೆಯುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ದೊಡ್ಡ ಅಂಕಿ ಬಿದ್ದರೆ ಒಡೆಯಿತು, ಸಣ್ಣದು ಬಿದ್ದರೆ ಭುಜ ನೋಯಿತು. ವಯಸ್ಸಾದ ಗಂಡಸರು ಹೆಂಗಸರು ಕೂಡಿ ಆಡುವ ಆಟ ಇದು. ಮೊದಲ ದಿನ ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಎಂದು ಮೂರು ಸಲ ತಿರುಗಿ ನೋಡಿದೆ.

ಪುಸ್ತಕದಲ್ಲಿದ್ದ ಬಿಳಿಯರ ಕೋಟೆಯನ್ನು ಸಾಹೇಬರು ಕಾಗಿಣಾ ನದಿಯ ದಂಡೆಗೆ ತಂದಿದ್ದರು. ರಾಕ್ಷಸರು ಹಾಗೇ ಉಳಿದರು, ಊಟ ಮಾತ್ರ ಜೋಳದ ರೊಟ್ಟಿ ಪುಂಡಿಪಲ್ಯ ಆಯಿತು. ಚಿತ್ತಾಪುರದಿಂದ ಬರುತ್ತಿದ್ದ ನರ್ಸ್ ಮಹಾದೇವಕ್ಕ ಕೋಟೆಯ ಕಳ್ಳಿ. ನನ್ನ ಕಲ್ಲು ಹೊರುವ ಟೆಂಪೊದ ಡ್ರೈವರ್ ಮಹಬೂಬನನ್ನು ನಾನೇ ಕರೆದುಕೊಂಡು ಹೋದೆ, ಅವನು ಪೈಲ್ವಾನ. ನಾನು ಕೊತ್ವಾಲ. ಕೊತ್ವಾಲನಿಗೆ ಪುಸ್ತಕ ಒಂದು ವಿಶೇಷ ಕಸುವು ಕೊಟ್ಟಿತ್ತು, ಎದುರಿನವನು ಸುಳ್ಳು ಹೇಳುತ್ತಿದ್ದರೆ ಹಿಡಿಯುವುದು. ಇಷ್ಟು ವರ್ಷ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಇಂಗ್ಲಿಷ್ ಪುಸ್ತಕದಲ್ಲಿ ಹೆಸರಿದೆ ಎಂದು ತಿಳಿದು ಚಪ್ಪಲಿಯ ಕಡೆ ನೋಡುವುದು ಬಿಟ್ಟೆ.

ಅಲ್ಲಿಂದ ಜಗಳ ಶುರುವಾಯಿತು.

ಅರಸನ ಕುದುರೆ ಕಳುವಾಗಿತ್ತು. ಬಾಗಿಲು ಕಾಯುವವನನ್ನು ಕರೆಸಿದೆ. ಸಾಹೇಬರು ಕೋಟಿನ ಗುಂಡಿ ಬಿಚ್ಚಿ, ಭುಜ ಇಳಿಸಿ, ನೋಡುತ್ತಿದ್ದಂತೆಯೇ ಬಡ ಕಾವಲುಗಾರ ಆದರು. "ನಮ್ಮ ಬಾಗಿಲದಾಗಿಂದ ಯಾರೂ ಹೋಗಿಲ್ರಿ ಧಣಿ," ಎಂದರು. ನಾನು, ಸುಳ್ಳು ಹಿಡಿಯುತ್ತೇನೆ ಎಂದು ದಾಳಕ್ಕೆ ಕೈ ಚಾಚಿದೆ. ಅವರು ದಾಳ ಎತ್ತಿಕೊಂಡರು. ಅಡುಗೆಮನೆಯಿಂದ ಹಿಟ್ಟಿನ ಡಬ್ಬಿಯ ಸ್ಟೀಲ್ ಮುಚ್ಚಳ ತರಿಸಿ ಮುಂದೆ ಅಡ್ಡ ನಿಲ್ಲಿಸಿದರು.

"ದಾಳ ಕೊಡ್ರಿ," ಎಂದೆ.

"ಈ ಒಂದು ಕೆಲಸಕ್ಕ ಕೊಡಲ್ಲ. ನಾನ ಉರುಳಸ್ತೀನಿ, ನಾನ ನೋಡ್ತೀನಿ."

"ಯಾಕ್ರಿ? ಕೊತ್ವಾಲ ನಾನೋ ನೀವೋ?"

"ನೀವ. ಅದಕ್ಕ ನಿಮಗ ತೋರ್ಸಲ್ಲ. ದಾಳದ ಮ್ಯಾಲ ಎರಡು ಬಿದ್ದದ್ದು ನೀವು ಕಂಡ್ರ, ನಿಮ್ಮ ಅಂದಾಜು ತಪ್ಪ್ಯಾದ ಅಂತ ನಿಮಗ ತಿಳದೇಬಿಡ್ತದ. ತಪ್ಪು ತಿಳ್ಕೊಂಡವನಿಗಿ ತಾ ತಪ್ಪು ತಿಳ್ಕೊಂಡೀನಿ ಅಂತ ಗೊತ್ತಿರ್ತದೇನ್ರಿ?"

ಮಹಬೂಬ ನಕ್ಕ. "ಅಣ್ಣಾ, ನನ್ನ ಪೈಲ್ವಾನಂದು ಸ್ವಂತ ದಾಳ. ನಿಂದು ಸರ್ಕಾರಿ ದಾಳ. ಮುಚ್ಚಿದ ಲಕೋಟಿಯಾಗ ಬರ್ತದ."

ಒಳಗಿನಿಂದ ಸಾಹೇಬರ ಹೆಂಡತಿ, "ಆ ಮುಚ್ಚಳ ಹೊಳ್ಳಿ ಕೊಡ್ರಿ, ಹಿಟ್ಟಿಗಿ ಇರುವಿ ಹತ್ತಾಕತ್ಯಾವ," ಎಂದರು. ಕೊಡಲಿಲ್ಲ. ಆ ಮನೆಯಲ್ಲಿ ಆ ಡಬ್ಬಿ ಎಷ್ಟೋ ವರ್ಷ ತಾಟು ಮುಚ್ಚಿಕೊಂಡೇ ಬಾಳಿತು.

ಮುಚ್ಚಳದ ಹಿಂದೆ ಟಕಟಕ ಸದ್ದಾಯಿತು. ಸಾಹೇಬರು ಇಣುಕಿ ನೋಡಿ, "ಬೆವತಾನ. ನಿಮ್ಮ ಕಣ್ಣು ತಪ್ಪಸ್ತಾನ. ಏನೋ ಮುಚ್ಚಿಡಾಕತ್ತಾನ," ಎಂದರು.

"ಅಂದ್ರ ಸುಳ್ಳು ಹೇಳ್ಯಾನ."

"ನಾ ಹಂಗ ಅಂದಿಲ್ಲ."

ನಾನು ಕಾವಲುಗಾರನನ್ನು ಸೆರೆಮನೆಗೆ ಹಾಕಿಸಿದೆ. ಮುಂದಿನ ಎಷ್ಟೋ ರವಿವಾರ ಅವನ ಜೊತೆಗಾರರನ್ನು ಹುಡುಕುವುದರಲ್ಲಿ ಹೋಯಿತು. ನಡುವೆ ಕುದುರೆ ವ್ಯಾಪಾರಿಯನ್ನೂ ಕೇಳಿದೆ. "ಅರಸನ ಕುದುರಿ ನನ್ನ ಹಂತೇಕ ಇಲ್ರಿ," ಎಂದ, ನಗುನಗುತ್ತ. ಮುಚ್ಚಳದ ಹಿಂದಿನಿಂದ, ಏನೂ ಅನುಮಾನ ಕಾಣುವುದಿಲ್ಲ ಎಂದು ಬಂತು. ಪಾನ್ ಕೊಟ್ಟು ಕಳಿಸಿದೆ. ಕೊನೆಗೆ ತಿಳಿದದ್ದು ಇಷ್ಟು. ಕದ್ದವನು ಅದೇ ವ್ಯಾಪಾರಿ. ಹಿಂದಿನ ದಿನವೇ ಮಾರಿದ್ದ, ಹಾಗಾಗಿ ಕುದುರೆ ಅವನ ಹತ್ತಿರ ಇರಲಿಲ್ಲ, ಹೇಳಿದ ಮಾತು ಖರೇ. ಕಾವಲುಗಾರ ಪಹರೆಯ ಹೊತ್ತಿನಲ್ಲಿ ಮಲಗಿಬಿಟ್ಟಿದ್ದ. ಯಾರೂ ಹೋಗಿಲ್ಲ ಎಂದೇ ನಂಬಿದ್ದ. ಬೆವರಿದ್ದು ನಿದ್ದೆಯ ಸಲುವಾಗಿ.

ನಾನು ಪುಸ್ತಕ ಮುಚ್ಚಿಸಿದೆ. "ಕುದುರಿ ಆ ಬಾಗಿಲದಾಗಿಂದ ಹೋತೋ ಇಲ್ಲೋ?"

"ಹೋತು."

"ಇವ ಹೋಗಿಲ್ಲ ಅಂದಾನೋ ಇಲ್ಲೋ?"

"ಅಂದಾನ."

"ಮತ್ತ ಅದು ಸುಳ್ಳಲ್ಲೇನು?"

"ತಪ್ಪು. ಸುಳ್ಳಲ್ಲ. ಸುಳ್ಳು ಹೇಳಾಕ ಮೊದಲ ಖರೇ ಗೊತ್ತಿರಬೇಕು. ಆ ಮಗನಿಗಿ ಗೊತ್ತಿರ್ಲಿಲ್ಲ."

"ಆ ವ್ಯಾಪಾರಿ?"

"ನೀವು ಕುದುರಿ ಎಲ್ಲದ ಅಂತ ಕೇಳಿದ್ರಿ. ಎಲ್ಲಿತ್ತು ಅಂತ ಕೇಳ್ಲಿಲ್ಲ."

ಮಹಾದೇವಕ್ಕ ಶೇಂಗಾದ ಸಿಪ್ಪೆ ತೆಗೆಯುತ್ತ, "ಕೊತ್ವಾಲ ಸಾಹೇಬ್ರ, ಆ ಬಡಪಾಯಿಗಿ ಸೆರೆಮನಿಯಾಗಿಂದ ಬಿಡ್ರಿ ಇನ್ನ. ಹಾಸ್ಗಿಗಿ ತಗಣಿ ಹತ್ತಿರಬೇಕು," ಎಂದಳು. ಇಲ್ಲದ ಮನುಷ್ಯನ ಇಲ್ಲದ ಹಾಸಿಗೆಗೆ ತಿಗಣೆ. ನಾನು ಎರಡು ರವಿವಾರ ಹೋಗಲಿಲ್ಲ. ಮೂರನೆಯದಕ್ಕೆ ಹೋದೆ, ಮನೆಯಲ್ಲಿ ಟಿ.ವಿ. ಕೆಟ್ಟಿತ್ತು.

ಅವರಿಗೆ ಪಾಠ ಕಲಿಸಬೇಕೆಂದು ನಮ್ಮ ಫರ್ಸಿಯಲ್ಲೇ ಇಪ್ಪತ್ತು ಮುಖದ ದಾಳ ಮಾಡಲು ಕುಂತದ್ದೂ ಉಂಟು. ನಮ್ಮ ಕಲ್ಲು ಪದರು ಪದರಾಗಿ ಏಳುತ್ತದೆ. ನೆಲಕ್ಕೆ ಹಾಸಿದರೆ ತಲೆಮಾರು ಬಾಳುತ್ತದೆ, ದಾಳ ಮಾಡಿದರೆ ಮೂಲೆ ಚಕ್ಕೆ ಏಳುತ್ತದೆ. ನಾನು ಮಾಡಿದ್ದು ಎಷ್ಟು ಸಲ ಒಗೆದರೂ ಮೂರಕ್ಕೇ ಬಂದು ಮಲಗುತ್ತಿತ್ತು. ಸಾಹೇಬರು ಅದನ್ನು ಕೈಯಲ್ಲಿ ತಿರುಗಿಸಿ, "ಪಾಲಿಶ್ ಮಸ್ತ್ ಆಗ್ಯಾದ," ಎಂದರು. ಅವರ ಬಾಯಿಂದ ಹೊಗಳಿಕೆ ಬರುವುದೇ ಹೀಗೆ, ಬೇಡದ ಕಡೆಗೆ.

ಇಂಥ ಮನುಷ್ಯನ ಹಿಂದೆ ಏನೋ ದುಃಖದ ಕತೆ ಇರಬೇಕು ಎಂದು ನಿಮಗೂ ಅನಿಸಬಹುದು. ನನಗೂ ಅನಿಸಿತ್ತು. ಯಾವುದೋ ಗಾಡಿಯಲ್ಲಿ ಯಾರದೋ ಮುಖ ನೋಡಿ ಕಳ್ಳಿ ಎಂದು ಇಳಿಸಿ, ಆಮೇಲೆ ತಿಕೀಟು ಸಿಕ್ಕು, ಜೀವಮಾನವೆಲ್ಲ ನೊಂದು ಮುಖ ನೋಡುವುದನ್ನೇ ಬಿಟ್ಟಿರಬೇಕು. ಒಮ್ಮೆ ಚಹಾ ಕುಡಿಯುವಾಗ ಕೇಳಿದೆ.

"ಅಂಥಾದೇನೂ ಇಲ್ರಿ. ಪುಸ್ತಕದಾಗ ಹಂಗ ಬರದಾರ, ಹಂಗ ಆಡಸ್ತೀನಿ."

"ಆದ್ರ ಇಷ್ಟು ವರ್ಷ ಸುಳ್ಳು ಕೇಳಿದವ್ರು ನೀವು. ಮುಖ ನೋಡಿದ್ರ ನಿಮಗ ತಿಳೀತಿರ್ಲಿಲ್ಲೇನು?"

"ಮುಖ ನೋಡಿ ತಿಳಿಯೋದಾಗಿದ್ರ ರೈಲ್ವೆಯವ್ರು ತಿಕೀಟ ಯಾಕ ಛಾಪಿಸ್ತಿದ್ರು?" ಎಂದು ಬಸಿಯಲ್ಲಿ ಚಹಾ ಸುರಿದುಕೊಂಡರು. ವಾಡಿಯ ಚಹಾ, ಮೇಲೆ ಫ್ಯಾಕ್ಟರಿಯ ಸಿಮೆಂಟಿನ ಧೂಳು ಕೆನೆಯ ಹಾಗೆ ಕೂರುತ್ತದೆ. ಊದಿ ಕುಡಿದರು. "ತಿಕೀಟ ಇದ್ದವನೂ ನನ್ನ ಕೋಟು ಕಂಡ್ರ ಕಿಸೆ ತಡವ್ಕೊಂತಾನ. ಇಲ್ಲದವ ಕಿಡಕಿಯಾಗ ನೋಡ್ತಾನ, ಇಲ್ಲಾ ನನ್ನನ್ನ ಟೈಮ್ ಎಷ್ಟಾತು ಅಂತ ಕೇಳ್ತಾನ. ನಾ ಇಬ್ಬರಿಗೂ ಕೈ ಚಾಚ್ತೀನಿ. ಮುಗೀತು."

ಆ ಕೈ ಚಾಚುವುದು ಅವರ ಚಟ. ಆಟದಲ್ಲಿ ನಮ್ಮ ಸರದಿ ಬಂದಾಗಲೂ ಮಾತಿಲ್ಲದೆ ಅಂಗೈ ಮುಂದೆ ಮಾಡುತ್ತಿದ್ದರು, ನೀ ಏನು ಮಾಡುತ್ತೀ ಎಂದು. ಮಹಬೂಬ ಒಮ್ಮೆ ಆ ಕೈಯಲ್ಲಿ ಶೇಂಗಾ ಹಾಕಿದ. ತಿಂದು ಮತ್ತೆ ಚಾಚಿದರು.

ಈಗ ಮಗಳ ಮಾತಿಗೆ ಬರುತ್ತೇನೆ. ಸುನೀತಾ ಸರ್ಕಾರಿ ದವಾಖಾನೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ನಾನು ಬಿಟ್ಟ ಶಾಲೆಯನ್ನೂ ಸೇರಿಸಿ ಓದಿದವಳು. ವರ ನೋಡುವ ಕೆಲಸ ನಡೆದಿತ್ತು. ಮೊದಲ ಸಂಬಂಧ ಗುಂಡಗುರ್ತಿಯದು. ಹುಡುಗ ಮಾತಾಡುವಾಗ ಮೇಲೆ ಮಾಳಿಗೆ ನೋಡುತ್ತಿದ್ದ. ಬೇಡ ಎಂದೆ. ಎರಡನೆಯವನು ಸೇಡಂನವನು, ಎಲ್ಲದಕ್ಕೂ ನಗುತ್ತಿದ್ದ. ನಗುನಗುತ್ತ ಹೋದ ಕುದುರೆ ವ್ಯಾಪಾರಿ ನೆನಪಾದ, ಇವನನ್ನೂ ಕಳಿಸಿದೆ. ಮಾಳಿಗೆ ನೋಡಿದವನಿಗೆ ಮೆಳ್ಳಗಣ್ಣು ಎಂದು ಆಮೇಲೆ ಯಾರೋ ಹೇಳಿದರು. ಮೊದಲೇ ಹೇಳಬೇಕಿತ್ತು, ನಾನೇನು ಕಣ್ಣಿನ ಡಾಕ್ಟರೇ.

ಮೂರನೆಯದು ಚಿಂಚೋಳಿ ಕಡೆಯ ಸಂಬಂಧ ಬಂದಾಗ ಸುನೀತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ಅಪ್ಪಾ, ಇದೊಂದ ಸಲ. ಇವರನ್ನೂ ನೀ ಮುಖ ನೋಡಿ ಕಳಿಸಿದ್ರ, ಇನ್ನಮ್ಯಾಲ ಯಾರ ಮುಂದೂ ನಾ ಚಾ ಹಿಡ್ಕೊಂಡು ಬರಲ್ಲ. ಲಗ್ನದ ಮಾತ ಬ್ಯಾಡ." ನನ್ನ ಮಗಳು. ಹೇಳಿದರೆ ಹೇಳಿದ ಹಾಗೆ. ಅವಳ ತಾಯಿ ನನ್ನ ಕಡೆ ನೋಡಿದ ನೋಟವನ್ನು ಬರೆಯುವುದಿಲ್ಲ.

ಹೀಗಾಗಿ ಈ ಸಲ ತಪ್ಪಬಾರದೆಂದು ನಾನು ಸಾಹೇಬರ ಹತ್ತಿರ ಹೋದೆ. ಸುಳ್ಳಿನ ಕಾನೂನು ಅಷ್ಟು ಗೊತ್ತಿರುವವರು ಆ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ.

"ನಮ್ಮ ಕಡಿ ಹಿರಿಯಾರು ಅಂತ ಬಂದು ಕುಂದ್ರಿ. ಹುಡುಗನ್ನ ಬರೋಬ್ಬರಿ ನೋಡ್ರಿ."

"ನೋಡಿ?"

"ಖರೇ ಹೇಳ್ತಾನೋ ಸುಳ್ಳು ಹೇಳ್ತಾನೋ ಅಷ್ಟು ಹೇಳಿಬಿಡ್ರಿ."

ಅವರು ಚಷ್ಮಾ ತೆಗೆದು ಕೋಟಿನ ಅಂಚಿಗೆ ಒರೆಸಿದರು. "ಊಟ ಅದೇನು?"

"ಅದ್ರಿ."

"ಬರ್ತೀನಿ."

ರವಿವಾರ ಬೆಳಿಗ್ಗೆ ಕ್ರೂಸರ್ ಗಾಡಿಯಲ್ಲಿ ಅವರ ಮನೆಯವರು ಬಂದಿಳಿದರು. ಹುಡುಗ ಸೇಡಂ ಹತ್ತಿರದ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ತಂದೆ ಇಲ್ಲ, ಸೋದರಮಾವ ಹಿರಿತನ ವಹಿಸಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಟಾವೆಲ್, ತುಂಬು ಧ್ವನಿ. ಸುಸಲಾ, ಮಿರ್ಚಿ ಬಜಿ, ಚಹಾ ಬಂತು. ಕರಿ ಕೋಟಿನಲ್ಲಿ ಸಾಹೇಬರು ಹುಡುಗನ ಎದುರಿಗೇ ಕುಂತಿದ್ದರು. ಆ ಕೋಟು ಕಂಡು ಹುಡುಗ ಕಿಸೆ ಮುಟ್ಟಿಕೊಂಡದ್ದನ್ನು ನಾನು ಕಂಡೆ.

"ಹುಡುಗನ ನೌಕರಿ ಹ್ಯಾಂಗ್ರಿ?" ಎಂದೆ.

"ಪರ್ಮನೆಂಟ್," ಎಂದ ಸೋದರಮಾವ. "ಪರ್ಮನೆಂಟ್ ಅಂದ್ರ ಪರ್ಮನೆಂಟ್ ರೀ. ಕ್ವಾರ್ಟರ್ಸ್ ಸುದ್ದಾ ಕೊಡ್ತಾರ. ನಮ್ಮೂರಾಗ ಇವನ ಮೊದಲ್ನೇದವ."

ನಮ್ಮ ಸೀಮೆಯಲ್ಲಿ ಈ ಒಂದು ಮಾತಿನ ತೂಕ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಎಂದರೆ ಅರ್ಧ ಲಗ್ನ ಆದಂತೆಯೇ. ಕಂತ್ರಾಟು ಎಂದರೆ ಅದೇ ಗೇಟು, ಅದೇ ಧೂಳು, ಅದೇ ಕೆಲಸ. ಆದರೆ ಮುಂದಿನ ವರ್ಷ ಕಂತ್ರಾಟುದಾರ ಬದಲಾದರೆ ಗೇಟಿನ ಹೊರಗೆ. ಹೆಣ್ಣು ಕೊಡುವವರು ಮೊದಲು ಕೇಳುವುದು ಇದನ್ನೇ, ಹೆಸರು ಆಮೇಲೆ.

ನಾನು ಮಾವನ ಮಾತಿಗೆ ಕಿವಿ ಕೊಟ್ಟೆ. ಬಿರುಕಿಲ್ಲದ ಕಲ್ಲಿನ ನಾದ. ಆಮೇಲೆ ಹುಡುಗನನ್ನು ನೋಡಿದೆ. ತಲೆ ತಗ್ಗಿಸಿದ್ದ. ಹಣೆಯ ಬೆವರನ್ನು ಅಂಗಿಯ ತೋಳಿಗೆ ಒರೆಸಿಕೊಂಡ. ಕಾಲು ಅಲ್ಲಾಡಿಸುತ್ತಿದ್ದ. ಸುಸಲಾದ ತಾಟಿನಲ್ಲಿ ಏನೋ ಹುಡುಕುತ್ತಿದ್ದ, ಮಾವ ನಾಲ್ಕು ಮಾತಾಡಿದರೂ ಇವನು ಒಂದಾಡಲಿಲ್ಲ. ನನಗೆ ಅಷ್ಟು ಸಾಕಿತ್ತು. ಸಾಹೇಬರಿಗೆ ಕಣ್ಣು ಮಾಡಿ, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಕರೆದುಕೊಂಡು ಹೋದೆ.

ನೀರಿನ ಟಾಕಿಯ ಹತ್ತಿರ ನಿಂತು ಕೇಳಿದೆ. "ಹೇಳ್ರಿ."

"ಏನ್ ಹೇಳ್ಲಿ?"

"ಸುಳ್ಳೋ ಖರೇನೋ?"

"ಯಾವ ಮಾತು?"

"ಎಲ್ಲಾ ಮಾತು."

"ಎಲ್ಲಾ ಮಾತಿಗಿ ಕೂಡಿ ಒಂದ ದಾಳ ಇಲ್ರಿ."

"ಸಾಹೇಬ್ರ, ನನ್ನ ಮಗಳ ಬಾಳು ಅದ. ಇದು ಕಾಗಿಣಾ ದಂಡಿ ಕೋಟಿ ಅಲ್ಲ. ಹುಡುಗ ಬೆವತಾನ, ನೀವೂ ನೋಡೀರಿ. ಸುಳ್ಳು ಅಂತ ಒಂದ ಮಾತು ಹೇಳ್ರಿ, ಈಗ ಕಳಿಸಿಬಿಡ್ತೀನಿ."

"ಬೆವತಾನ. ಏನೋ ಮನಸಿನಾಗ ಇಟ್ಕೊಂಡಾನ. ಇಷ್ಟ ಸಿಗೋದು. ಇದರಮ್ಯಾಲ ಪುಸ್ತಕದಾಗೂ ಇಲ್ಲ, ನನ್ನ ಹಂತೇಕೂ ಇಲ್ಲ. ಅವ ಬಾಯಿ ಬಿಟ್ಟ ಇಲ್ಲ, ಸುಳ್ಳು ಎಲ್ಲಿಂದ ತರ್ಲಿ?"

"ಮಾವ?"

"ಮಾವ ನಂಬಿದ್ದು ಹೇಳಾಕತ್ತಾನ. ಅದು ಖರೇ ಅಂತ ನಾ ಅಂದಿಲ್ಲ."

"ಹಂಗಂದ್ರ ಏನು ತಿಳ್ಕೊಳ್ಳಿ ನಾನು?"

"ಏನೂ ತಿಳ್ಕೋಬ್ಯಾಡ್ರಿ. ಒಳಗ ಹೋಗಿ ಹುಡುಗನ್ನ ಕೇಳ್ರಿ."

"ಕೇಳಿದ್ರ ಸುಳ್ಳು ಹೇಳಿದ್ರ?"

"ಹೇಳ್ಲಿ. ಈಗ ಹೇಳದ ಇದ್ದಾಗ ಹೊರಗ ಹಾಕ್ತೀರಲ್ಲ, ಹೇಳಿದ ಮ್ಯಾಲ ಹಾಕ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಊಟಕ್ಕೆ ಹೇಳಿ ಕರೆಸಿದ ಹಿರಿಯ, ಹೆಣ್ಣಿನ ತಂದೆಯನ್ನು ಟಾಕಿಯ ಹತ್ತಿರ ನಿಲ್ಲಿಸಿ ಕಾಯಿದೆ ಹೇಳುತ್ತಾನೆ. ಕಾವಲುಗಾರನ ಜಗಳ, ಕುದುರೆಯ ಜಗಳ, ಮುಚ್ಚಳದ ಜಗಳ ಎಲ್ಲವನ್ನೂ ಅಲ್ಲಿಯೇ ಮತ್ತೆ ಎತ್ತಿದೆ. ಅವರೂ ಬಿಡಲಿಲ್ಲ. ವ್ಯಾಪಾರಿಯನ್ನು ನಾನು ಏನೆಂದು ಕೇಳಬೇಕಿತ್ತು ಎಂದು ಬೆರಳು ಮಡಚಿ ತೋರಿಸಿದರು. ಎಷ್ಟು ಹೊತ್ತು ನಿಂತೆವೋ. ನನ್ನ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು, "ನಿಮ್ಮಿಬ್ಬರ ಕುದುರಿ ಸಿಕ್ಕಿದ್ರ ಒಳಗ ಬರ್ರಿ. ಅಲ್ಲಿ ಮಾತೇ ನಿಂತದ," ಎಂದಳು.

ಒಳಗೆ ಹೋದೆವು. ಸೋದರಮಾವ ಬಾಯಿ ತೆರೆದು ಹುಡುಗನನ್ನು ನೋಡುತ್ತಿದ್ದ. ಸುನೀತಾ ಚಾಪೆಯ ಮೇಲೆ ಕುಂತಿದ್ದಳು, ತಲೆ ಎತ್ತಿ. ನಾವು ಹೊರಗೆ ಕಾನೂನು ಓದುತ್ತಿದ್ದಾಗ ಅವಳು ಹುಡುಗನನ್ನೇ ಕೇಳಿಬಿಟ್ಟಿದ್ದಳು. ಮಾವನವರು ಹೇಳಿದ್ದು ಕೇಳಿದೆ, ನೀವೇ ಹೇಳಿ, ನಿಮ್ಮ ನೌಕರಿ ಏನು ಎಂದು.

ಹುಡುಗ ಈಗ ಮಾವನಿಗೆ ಹೇಳುತ್ತಿದ್ದ. "ಕಂತ್ರಾಟಿನಾಗ ಅದೀನಿ ಮಾವಾ. ಈ ವರ್ಷ ಪರ್ಮನೆಂಟ್ ಮಾಡಸ್ತೀನಿ ಅಂತ ಕಂತ್ರಾಟುದಾರ ನಿನಗ ಹೇಳಿದ್ನಲ್ಲ, ನೀ ಆಗೇಬಿಟ್ಟದ ಅಂತ ತಿಳ್ಕೊಂಡಿ. ಅವತ್ತ ಹೇಳಬೇಕಾಗಿತ್ತು. ನಿನ್ನ ಖುಷಿ ನೋಡಿ ಬಾಯಿ ಬರ್ಲಿಲ್ಲ."

"ಊರ ತುಂಬ ಪೇಢಾ ಹಂಚೀನಲ್ಲೋ," ಎಂದ ಮಾವ. ಆ ತುಂಬು ಧ್ವನಿ ಎಲ್ಲಿ ಹೋಯಿತೋ. "ಪಂಚಾಯ್ತಿ ಚೆರ್ಮನ್ನರ ಮನಿಗೂ ಕೊಟ್ಟು ಬಂದೀನಿ."

ಯಾರೂ ನಗಲಿಲ್ಲ. ಆ ಮನುಷ್ಯ ಟಾವೆಲ್ ಹೆಗಲಿಂದ ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದು ನಿಂತ. "ತಪ್ಪಾತ್ರಿ. ನಮಗ ಗೊತ್ತಿರ್ಲಿಲ್ಲ. ಬರ್ತೀವಿ," ಎಂದ. ಹುಡುಗನೂ ಎದ್ದ. ಅವನ ಕಾಲು ಈಗ ಅಲ್ಲಾಡುತ್ತಿರಲಿಲ್ಲ. ನೆಟ್ಟಗೆ ನಿಂತು ನನ್ನ ಮುಖವನ್ನೇ ನೋಡಿದ.

ಎಲ್ಲರೂ ನನ್ನ ಮಾತಿಗೆ ಕಾದರು. ಕಂತ್ರಾಟಿನವನಿಗೆ ಹೆಣ್ಣು ಕೊಟ್ಟರೆ ನಾಳೆ ಕಲ್ಲಿನ ಬಜಾರಿನಲ್ಲಿ ನಾನು ಹೇಗೆ ಓಡಾಡಲಿ ಎಂಬುದು ಒಂದು ಕಡೆ. ಕಳಿಸಿದರೆ ಇನ್ನು ಯಾರ ಮುಂದೂ ಬರುವುದಿಲ್ಲ ಎಂದವಳು ಎದುರಿಗೇ ಕುಂತಿದ್ದಾಳೆ, ಅದು ಇನ್ನೊಂದು ಕಡೆ. ನಾನು ಸಾಹೇಬರ ಕಡೆ ತಿರುಗಿದೆ. ಅಷ್ಟು ರವಿವಾರ ಕೇಳದೆಯೇ ತೀರ್ಪು ಕೊಟ್ಟವರು, ಒಂದು ತೀರ್ಪು ನಿಜಕ್ಕೂ ಬೇಕಾದಾಗ ಮಿರ್ಚಿಯ ತೊಟ್ಟು ತೆಗೆಯುತ್ತ ಕುಂತಿದ್ದರು. ತಲೆ ಎತ್ತದೆ, "ನನ್ನನ್ಯಾಕ ನೋಡ್ತೀರಿ? ಅಕಿನ್ನ ಕೇಳ್ರಿ," ಎಂದರು.

ಆಗ ಹೊಳೆಯಿತು. ಮಾಳಿಗೆ ನೋಡಿದವನನ್ನು ಕೇಳಿದ್ದೆ, ನಕ್ಕವನನ್ನು ಕೇಳಿದ್ದೆ, ಅವರ ಊರಿನ ಕಿರಾಣಿ ಅಂಗಡಿಯವರನ್ನೂ ಕೇಳಿದ್ದೆ. ಇವಳನ್ನು ಕೇಳುವುದು ಬಾಕಿ ಇತ್ತು. ಕೆಲಸದ ಗಡಿಬಿಡಿಯಲ್ಲಿ ಉಳಿದುಬಿಡುತ್ತವೆ ಇಂಥವು.

"ಯವ್ವಾ, ನಿನಗೇನನಸ್ತದ?" ಎಂದೆ.

"ಮೊದಲ ಇಬ್ಬರು ಬಂದಾಗ ಕೇಳಿದ್ರ ಛಲೋ ಇತ್ತು. ಇರ್ಲಿ. ನನಗ ಒಪ್ಪಿಗಿ ಅದ."

"ಕಂತ್ರಾಟು ಅದಾನವಾ."

"ಕೇಳಿದೆನಪ್ಪಾ. ಕೇಳಿದಾಕಿನೇ ನಾನು." ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾ ಏನು ಲ್ಯಾಬಿನಾಗ ಪರ್ಮನೆಂಟ್ ಅದೀನೇನು? ನಂದೂ ಕಂತ್ರಾಟ."

ಸೋದರಮಾವ ನನ್ನನ್ನು ನೋಡಿದ. ನೋಡಲಿ. ಮಗಳು ಸರ್ಕಾರಿ ದವಾಖಾನೆಯಲ್ಲಿ ಇದ್ದಾಳೆ ಎಂದು ನಾನು ಹೇಳಿದ್ದೆ, ಇದ್ದಾಳೆ. ಮುಂದಿನದನ್ನು ಅವರು ಕೇಳಲಿಲ್ಲ. ಕೇಳದ್ದಕ್ಕೆಲ್ಲ ಉತ್ತರ ಕೊಡುತ್ತ ಕುಂತರೆ ಚಹಾ ಆರಿಹೋಗುತ್ತದೆ. ಸಾಹೇಬರು ಮಾತ್ರ ಮಿರ್ಚಿ ಕೆಳಗಿಟ್ಟು, ಚಷ್ಮಾ ತೆಗೆದು, ನನ್ನ ಕಡೆ ಬಹಳ ಸಂತೋಷದಿಂದ ನೋಡಿದರು. ಜೀವಮಾನದಲ್ಲಿ ಅವರನ್ನು ಅಷ್ಟು ಸಂತೋಷವಾಗಿ ನಾನು ಕಂಡಿರಲಿಲ್ಲ.

"ಕುಂದ್ರಿ," ಎಂದೆ ಮಾವನಿಗೆ. "ಎಲ್ಲಿಗಿ ಹೊಂಟ್ರಿ? ಊಟ ಆಗಿಲ್ಲ." ಅವನು ಕುಂತ. ಟಾವೆಲ್ ಮತ್ತೆ ಹೆಗಲಿಗೆ ಬಂತು.

ಲಗ್ನ ಶಹಾಬಾದಿನಲ್ಲೇ ಆಯಿತು. ಬುದ್ಧ ವಂದನೆ ಮುಗಿದು ಪಂಕ್ತಿ ಕುಂತಾಗ ಸಾಹೇಬರು ನನ್ನ ಪಕ್ಕದಲ್ಲಿದ್ದರು, ಅದೇ ಕೋಟಿನಲ್ಲಿ. ಎದುರಿನ ಸಾಲಿನಲ್ಲಿ ಕಲ್ಲಿನ ವ್ಯಾಪಾರಿಗಳು, ಬಜಾರಿನಲ್ಲಿ ದಿನಾ ನನ್ನ ಮುಖ ನೋಡುವವರು. ಅವರಲ್ಲೊಬ್ಬ ಹಪ್ಪಳ ಮುರಿಯುತ್ತ ಧ್ವನಿ ಎತ್ತಿ ಕೇಳಿದ, "ಅಳಿಯಾ ಫ್ಯಾಕ್ಟರಿಯಾಗ ಪರ್ಮನೆಂಟ್ ಅಲ್ಲೇನ್ರಿ ಸಾವ್ಕಾರ್ರ?"

ಫ್ಯಾಕ್ಟರಿಯಲ್ಲಿದ್ದಾನೆ ಎಂದಷ್ಟೇ ಹೇಳಿದ್ದರೆ ನಡೆಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ, ಪಕ್ಕದಲ್ಲಿ ಕುಂತವರ ಕಾನೂನಿನ ಪ್ರಕಾರವೇ. ಸಾಹೇಬರು ಅನ್ನ ಕಲಸುವುದು ನಿಲ್ಲಿಸಿದ್ದು ಕಾಣಿಸಿತು. ನನ್ನ ಕಡೆ ನೋಡಲಿಲ್ಲ.

"ಅಲ್ಲ. ಕಂತ್ರಾಟು," ಎಂದೆ. ಪಂಕ್ತಿಯ ಆ ತುದಿಗೂ ಕೇಳಿಸಿತು. ನನ್ನ ಧ್ವನಿ ಮಷೀನಿನ ಸದ್ದಿನಲ್ಲಿ ಬೆಳೆದದ್ದು.

"ಮತ್ತ ಮಗಳು?"

"ಅಕಿನೂ ಕಂತ್ರಾಟು."

ಅವನು ಹಪ್ಪಳ ತಿಂದ. ಸಾಹೇಬರು ಬಡಿಸುವವನನ್ನು ಕೈ ಚಾಚಿ ನಿಲ್ಲಿಸಿ, ನನ್ನ ತಾಟು ತೋರಿಸಿ, ಎರಡು ಸೌಟು ಬೆಲ್ಲದ ಗೋಧಿ ಹುಗ್ಗಿ ಹಾಕಿಸಿದರು, ಮೇಲೆ ತುಪ್ಪ. ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಒಂದು ಅಗುಳೂ ಬಿಡದೆ ತಿಂದೆ.